ಮಾತಿಗೆ ಇಪ್ಪತ್ತು, ಕೇಳಿದ್ದಕ್ಕೆ ಸೊನ್ನೆ

ಮೈಸೂರು ಕಡೆಯವನಾದ ನಾನು ಕೊಚ್ಚಿಯ ಕಾಲೇಜೊಂದರಲ್ಲಿ ಸಂವಹನ ಪದವಿಯವರಿಗೆ ಪಾಠ ಮಾಡುತ್ತೇನೆ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದು ಹೇಗೆ ಎಂಬುದೇ ನಮ್ಮ ವಿಷಯ. ಹಾಗಿದ್ದೂ ನಮ್ಮ ವಿಭಾಗದಲ್ಲಿ ಒಂದು ಮಾತು ನೆಟ್ಟಗೆ ಮುಟ್ಟಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು, ಅಷ್ಟು ಅಪರೂಪ.

೧. ಹೆಬ್ಬೆಟ್ಟು

"ನಾಳೆಯ ಟೆಸ್ಟ್ ಮೂರನೇ ಮಹಡಿಯಲ್ಲಿ" ಎಂದು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಎರಡೇ ನಿಮಿಷದಲ್ಲಿ ಸಾಲು ಸಾಲು ಹೆಬ್ಬೆಟ್ಟು ಬಂದವು. ಮರುದಿನ ಮೂರನೇ ಮಹಡಿಯಲ್ಲಿ ಇದ್ದದ್ದು ನಾನು ಮತ್ತು ಕೊನೆಯ ಬೆಂಚಿನ ಕಾಸರಗೋಡಿನ ಹುಡುಗಿ ಮಾತ್ರ. ಹೆಬ್ಬೆಟ್ಟು ಒತ್ತದಿದ್ದವಳೂ ಅವಳೊಬ್ಬಳೇ.

ಕೆಳಗಿಳಿದು ತರಗತಿಯ ನಾಯಕನನ್ನು ಹಿಡಿದೆ. "ಎಲ್ಲರೂ ಹೆಬ್ಬೆಟ್ಟು ಒತ್ತಿದ್ದಿರಲ್ಲಪ್ಪಾ?"

"ಅದು ಮೆಸೇಜ್ ಬಂತು ಅಂತ, ಸಾರೇ. ಓದಿದ್ವಿ ಅಂತ ಯಾರು ಹೇಳಿದ್ರು?"

೨. ಉಸಿರು

ಆ ಹುಡುಗಿ ಮೂರು ವರ್ಷದಲ್ಲಿ ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ಪದವಿ ಸಿಗಬೇಕಾದರೆ ಹೊರಗಿನ ಪರೀಕ್ಷಕರ ಎದುರು ನಿಂತು ಐದು ನಿಮಿಷ ಮಾತಾಡಬೇಕು. ಎರಡು ಅವಕಾಶದಲ್ಲೂ ಎದ್ದು ನಿಂತವಳೇ ಕೂತುಬಿಟ್ಟಿದ್ದಳು. ಮೂರನೆಯದೂ ತಪ್ಪಿದರೆ ಒಂದು ವರ್ಷ ಹೋದ ಹಾಗೆ.

ನನಗೆ ಪಾಪ ಅನಿಸಿತು. ಸ್ಟಾಫ್ ರೂಮಿಗೆ ಕರೆದು, ಕನ್ನಡದಲ್ಲೇ, ಧೈರ್ಯದ ಬಗ್ಗೆ ಅರ್ಧ ಗಂಟೆ ಹೇಳಿದೆ. ಕೊನೆಗೆ, "ನಿನಗೆ ಮಾತಾಡೋಕೆ ಯಾಕಮ್ಮಾ ಬರಲ್ಲ?" ಎಂದೆ.

"ಬರ್ತದೆ ಸರ್. ನೀವು ಉಸಿರು ತಗೊಳ್ಳುದನ್ನೇ ಕಾಯ್ತಾ ಇದ್ದೆ."

೩. ಕಲೂರಿನ ಚಹಾ

ಕಲೂರು ಬಸ್ ನಿಲ್ದಾಣದ ಹತ್ತಿರದ ಚಹಾ ಅಂಗಡಿಯವನನ್ನು ಮಾತಾಡಿಸಿ ರೆಕಾರ್ಡ್ ಮಾಡಿ ತರಲು ಎಲ್ಲರಿಗೂ ಹೇಳಿದ್ದೆ. ನಾಯಕನ ರೆಕಾರ್ಡಿಂಗ್ ಒಂಬತ್ತು ನಿಮಿಷದ್ದು. ಅದರಲ್ಲಿ ಎಂಟೂವರೆ ನಿಮಿಷ ಅವನದೇ ಪ್ರಶ್ನೆ. ಉಳಿದದ್ದರಲ್ಲಿ ಅಂಗಡಿಯವನು ಕೇಳಿದ್ದಿಷ್ಟು: "ಮೋನೇ, ಚಾಯ ವೇಣೋ?" ಮಗನೇ, ಚಹಾ ಬೇಕಾ ಅಂತ. ಪಾಪ, ಹುಡುಗನ ಗಂಟಲು ಒಣಗಿರಬೇಕು ಅಂದುಕೊಂಡಿದ್ದಾನೆ.

ಹುಡುಗಿಯ ರೆಕಾರ್ಡಿಂಗ್ ಐವತ್ತು ನಿಮಿಷ. ಅವಳ ದನಿ ಬರೀ "ಹೂಂ", "ಆಮೇಲೆ?" ಅಷ್ಟೇ. ಅಂಗಡಿಯವನು ಮಾತ್ರ ಹುಟ್ಟಿದ್ದರಿಂದ ಶುರುಮಾಡಿ, ಅಣ್ಣನ ಜತೆ ಮಾತು ಬಿಟ್ಟದ್ದನ್ನೂ ಹೇಳಿ ಅತ್ತಿದ್ದ. "ಇದನ್ನ ಹೆಂಡತಿಗೂ ಹೇಳಿಲ್ಲ, ಮೋಳೇ" ಎಂದು ಸ್ವಂತ ಮಗಳಿಗೆ ಹೇಳುವಂತೆ ಅಂದಾಗ ನನ್ನ ಕಣ್ಣೂ ಒದ್ದೆಯಾಯಿತು.

ಅಂಕದ ಫಾರಂ ತೆಗೆದೆ. ಸ್ಪಷ್ಟತೆ, ಆತ್ಮವಿಶ್ವಾಸ, ಹಾವಭಾವ... ಇಪ್ಪತ್ತೂ ಮಾತಿಗೇ. ಕೇಳುವುದಕ್ಕೆ ಜಾಗವೇ ಇಲ್ಲ. ನಾಯಕನಿಗೆ ಹದಿನೆಂಟು ಬಂತು, ಹುಡುಗಿಗೆ ಎರಡು. ಆ ಎರಡೂ ಅವಳ "ಹೂಂ" ಸ್ಪಷ್ಟವಾಗಿ ಕೇಳಿಸಿದ್ದಕ್ಕೆ.

೪. ತಿರುವನಂತಪುರದ ಸಭೆ

ಅಷ್ಟರಲ್ಲಿ, ಸಂವಹನ ಪದವಿಯಲ್ಲಿ ಏನೇನು ಕಲಿಸಬೇಕೆಂದು ತೀರ್ಮಾನಿಸಲು ತಿರುವನಂತಪುರದಲ್ಲಿ ಸಭೆ ಕರೆದರು. ವಿದ್ಯಾರ್ಥಿಯೊಬ್ಬರು ಇರಬೇಕೆಂಬ ನಿಯಮ. ಸಭೆಯ ಅಧ್ಯಕ್ಷರು ಫೋನ್ ಮಾಡಿ, "ಜಾಸ್ತಿ ಮಾತಾಡದವರನ್ನು ಕರಕೊಂಡು ಬನ್ನಿ" ಎಂದರು. ನನ್ನ ಹತ್ತಿರ ಇದ್ದಳಲ್ಲ!

ಕೇಳುವುದಕ್ಕೂ ಅಂಕ ಇಡಿಸಲೇಬೇಕು ಎಂದು ಹಟ ತೊಟ್ಟು ಹೋದೆ. ಅಧ್ಯಕ್ಷರು ಮೊದಲೇ, "ಕೇಳುವುದು ಬಹಳ ಮುಖ್ಯ" ಎಂದು ಮುಕ್ಕಾಲು ಗಂಟೆ ಮಾತಾಡಿದರು. ಉಳಿದವರೂ ಬಿಡಲಿಲ್ಲ, ಒಬ್ಬರ ಮೇಲೊಬ್ಬರು ಬಿದ್ದು ಅದನ್ನೇ ಹೇಳಿದರು. ನಾನೂ ಕಡಿಮೆಯೇನಲ್ಲ. ಊಟದ ಹೊತ್ತಿಗೆ ಅಧ್ಯಕ್ಷರು, "ಸರಿ, ಏನು ತೀರ್ಮಾನವಾಯಿತು?" ಎಂದರು. ಯಾರೂ ಏನೂ ಬರೆದುಕೊಂಡಿರಲಿಲ್ಲ.

ಹುಡುಗಿ ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್ಕು. ಈ ಸಲ ಕೂರಲಿಲ್ಲ, ಓದತೊಡಗಿದಳು.

"ಕೇಳುವುದು ಮುಖ್ಯ ಎಂದು ಎಲ್ಲರೂ ಒಪ್ಪಿದ್ದೀರಿ. ಅದನ್ನು ಇಪ್ಪತ್ತಾರು ಸಲ ಹೇಳಿದ್ದೀರಿ. ಯಾರೂ ಯಾರಿಗೂ ಪ್ರಶ್ನೆ ಕೇಳಿಲ್ಲ. ನಮ್ಮ ಸರ್ 'ನಾನು ಹೇಳೋದೇನಂದ್ರೆ' ಎಂದು ಹನ್ನೊಂದು ಸಲ ಶುರು ಮಾಡಿದರು, ಹೇಳಿ ಮುಗಿಸಲಿಲ್ಲ. ಅವರು ಹೇಳಬೇಕೆಂದಿದ್ದದ್ದು, ಬರುವಾಗ ರೈಲಿನಲ್ಲಿ ನನಗೆ ಹೇಳಿದ ಹಾಗೆ, ಕೇಳುವುದಕ್ಕೆ ಹತ್ತು ಅಂಕ." ಹಾಗೇ ಮುಂದುವರಿದು ಚಹಾ ಅಂಗಡಿಯವನ ಕತೆಯನ್ನೂ ಹೇಳಿದಳು, ಅವನು ಗುಟ್ಟೆಂದ ಭಾಗವನ್ನು ಮಾತ್ರ ಬಿಟ್ಟು.

ಹತ್ತು ಅಂಕ ಅಲ್ಲೇ ಒಪ್ಪಿಗೆಯಾಯಿತು. ಅಧ್ಯಕ್ಷರೇ ನಮ್ಮ ಕಾಲೇಜಿಗೆ ಹೊರಗಿನ ಪರೀಕ್ಷಕರು. ಗಡಿಯಾರ ನೋಡಿ, "ಏಳು ನಿಮಿಷ ಮಾತಾಡಿದ್ದೀಯ ಮೋಳೇ, ಪರೀಕ್ಷೆಗೆ ಬೇಕಿದ್ದದ್ದು ಐದೇ. ಎಲ್ಲಿ ಸಾರೇ, ಇವಳ ಅಂಕದ ಫಾರಂ?" ಎಂದರು. ಬ್ಯಾಗಿನಿಂದ ತೆಗೆದುಕೊಟ್ಟು, ಖುಷಿ ತಡೆಯಲಾರದೆ ಪಕ್ಕದವರಿಗೆ ಅವಳ ವಿಷಯ ಹೇಳಲು ಕೂತೆ.

ವಾಪಸು ರೈಲಿನಲ್ಲೂ ನನ್ನ ಬಾಯಿ ನಿಲ್ಲಲಿಲ್ಲ. ಅವಳಿಗೇ ಅವಳ ಗೆಲುವನ್ನು ವರ್ಣಿಸುತ್ತಿದ್ದೆ. ಎರ್ನಾಕುಲಂ ಬಂತು. ಇಳಿಯಲು ಎದ್ದು ಮೇಲೆ ಕೈ ಹಾಕಿದರೆ ಬ್ಯಾಗೇ ಇಲ್ಲ. "ಅಯ್ಯೋ, ನಿನ್ನ ಅಂಕದ ಫಾರಂ ಅದರಲ್ಲಿತ್ತಲ್ಲಮ್ಮಾ!" ಎಂದು ಬೆವತುಹೋದೆ.

"ಬ್ಯಾಗು ಸಭೆಯಲ್ಲೇ ಉಳಿದಿದೆ ಸರ್. ಕೊಲ್ಲಂ ಸ್ಟೇಷನ್‌ನಿಂದ ಹೇಳ್ತಾ ಇದ್ದೇನೆ" ಎಂದಳು. ನೋಟ್‌ಬುಕ್ ಬಿಡಿಸಿ ಫಾರಂ ತೆಗೆದು ಕೊಟ್ಟಳು. "ಇದು ನನ್ನ ಹತ್ರ ಉಂಟು. ಸರ್‌ಗೆ ಕೊಡ್ಲಿಕ್ಕೆ ಆಗುದಿಲ್ಲ, ಅವರು ಮಾತಾಡ್ತಾ ಇದ್ದಾರೆ ಅಂತ ಅಧ್ಯಕ್ಷರು ನನಗೇ ಕೊಟ್ರು."