ನಾನು ನಗದೆ ಕಳೆದ ನಾಲ್ಕು ವರ್ಷ

ದೇವದುರ್ಗದ ಶಾಲೆಯಲ್ಲಿ ನನಗೆ ಬಹಳ ಶಿಸ್ತಿನ ಟೀಚರೆಂಬ ಹೆಸರಿತ್ತು. ಮಕ್ಕಳ ಮುಂದೆ ನಾನು ನಗುತ್ತಲೇ ಇರಲಿಲ್ಲ. ಸುಳ್ಳು ಗೌರವ ಸಾಕು, ಈಗ ನಿಜ ಹೇಳಿಬಿಡುತ್ತೇನೆ: ನಕ್ಕರೆ ಸೀರೆ ಒದ್ದೆಯಾಗುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮೂರನೆಯ ಹೆರಿಗೆಯಾಯಿತು. ಅಲ್ಲಿಂದ ಮುಂದೆ ಸೀನಿದರೂ, ಕೆಮ್ಮಿದರೂ, ಕೊಡ ಎತ್ತಿದರೂ ಮೂತ್ರ ನನ್ನ ಅಪ್ಪಣೆ ಕೇಳದೆ ಹೊರಡುತ್ತಿತ್ತು. ರಾಯಚೂರಿನ ಬಸ್ಸು ಹತ್ತುವ ದಿನವಂತೂ, ಆ ಬಿಸಿಲಿನಲ್ಲಿ, ಬೆಳಗಿನಿಂದ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಓಣಿಯ ಹೆಂಗಸರು, "ಹಡದ ಮ್ಯಾಲ ಇದೆಲ್ಲ ಇರೂದ ಬಿಡ್ರಿ" ಅಂದರು. ಇರೋದಂತೆ! ಗಂಡಸರಿಗೆ ಸೀನಿದಾಗ ಧೋತರ ಒದ್ದೆಯಾಗುವಂತಿದ್ದರೆ ಇಷ್ಟರಲ್ಲಿ ತಾಲೂಕಿಗೆರಡು ಆಸ್ಪತ್ರೆ ಎದ್ದಿರುತ್ತಿದ್ದವು.

ಕೊನೆಗೆ ಡಾಕ್ಟರ ಹತ್ತಿರ ಹೋದೆವು. ನಮ್ಮ ಕಡೆಯ ಪದ್ಧತಿ ಗೊತ್ತಲ್ಲ, ಹೆಂಡತಿ ಸ್ಟೂಲಿನ ಮೇಲೆ ಕೂಡಬೇಕು, ಗಂಡ ಅವಳ ರೋಗ ಹೇಳಬೇಕು. ನಮ್ಮ ಯಜಮಾನರಿಗೆ ಮನೆಯಲ್ಲಿ ಎಲ್ಲ ಬಿಡಿಸಿ ಹೇಳಿದ್ದೆ. ಅಲ್ಲಿ ಅವರ ಮುಖ ಕೆಂಪಗಾಯಿತು. "ಹೊಟ್ಟಿ ನೋವು ಅಂತಾಳ್ರಿ" ಅಂದುಬಿಟ್ಟರು. ಡಾಕ್ಟರು ನನ್ನ ಕಡೆ ನೋಡದೆ, "ಊಟ ಸೇರತದೇನ್ರಿ?" ಎಂದು ಅವರನ್ನೇ ಕೇಳಿದರು. "ಸೇರತದ್ರಿ." ಒಂದೇ ನೋಟದಲ್ಲಿ ಐವತ್ತು ಹುಡುಗರ ಬಾಯಿ ಮುಚ್ಚಿಸುವ ನಾನು ಸೆರಗು ಹೊದ್ದು ಕೂತಿದ್ದೆ! ನಾಲ್ಕು ವರ್ಷ ಗುಲಾಬಿ ಬಣ್ಣದ ಔಷಧಿ ಕುಡಿದೆ. ಇಲ್ಲದ ಹೊಟ್ಟೆನೋವು ಪೂರ್ತಿ ವಾಸಿಯಾಯಿತು.

ಒಂದು ದಿನ ಸಿಟ್ಟು ನೆತ್ತಿಗೇರಿ, ಪರೀಕ್ಷೆಯ ಕೆಲಸವಿದೆಯೆಂದು ಸುಳ್ಳು ಹೇಳಿ ಒಬ್ಬಳೇ ರಾಯಚೂರಿಗೆ ಹೋಗಿ ಲೇಡಿ ಡಾಕ್ಟರಿಗೆ ತೋರಿಸಿದೆ. ಪರೀಕ್ಷೆ ಮಾಡಿ, "ಇಷ್ಟು ದಿನ ಯಾಕ ಸುಮ್ಮನಿದ್ರಿ?" ಎಂದು ಬೈದರು. "ಉಚ್ಚಿ ತಡಿಯುವಾಗ ಕೆಳಗ ಹೆಂಗ ಬಿಗಿ ಹಿಡೀತೀರಿ, ಹಂಗ ಹಿಡೀರಿ. ಉಸಿರು ಕಟ್ಟಬ್ಯಾಡ್ರಿ. ಹತ್ತು ಎಣಿಸಿ ಬಿಡ್ರಿ. ದಿನಾ ಮೂರು ಹೊತ್ತು ಮಾಡ್ರಿ. ಮೂರು ತಿಂಗಳಿಗೆ ಕಡಿಮಿ ಆಗದಿದ್ರ ಬರ್ರಿ, ಮುಂದಿಂದು ನೋಡೂಣು." ಮಕ್ಕಳು ಮಗ್ಗಿ ಒದರುವಾಗ ನಾನು ಕುರ್ಚಿಯಲ್ಲಿ ಗಂಭೀರವಾಗಿ ಬಿಗಿಹಿಡಿದು ಕೂಡುತ್ತಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ತಿಂಗಳು ತರಗತಿಯಲ್ಲಿ ಗಟ್ಟಿಯಾಗಿ ನಕ್ಕೆ. ಮಕ್ಕಳು ಹೆದರಿದವು.

ರಜೆಗೆ ಮಾನ್ವಿಯ ತವರಿಗೆ ಹೋದಾಗ ಅವ್ವನ ಮುಂದೆ ಗಂಡ, ಡಾಕ್ಟರು, ಓಣಿ ಎಲ್ಲರನ್ನೂ ಸಾಲಾಗಿ ಬೈದೆ. ಜೋಳ ಹಸನು ಮಾಡುತ್ತಿದ್ದ ಅವ್ವನ ಕೈ ನಿಂತಿತು.

"ನಾನೂ ಹಂಗ ಬಾಳೇವು ಮಾಡಾಕತ್ತೀನವ್ವಾ, ನಿನ್ನ ತಮ್ಮನ್ನ ಹಡದಾಗಿಂದ."

ತಮ್ಮನಿಗೆ ಆಗ ಮೂವತ್ತು ವರ್ಷ. ನನಗೆ ಮೈಯೆಲ್ಲ ಉರಿಯಿತು. "ನನಗ್ಯಾಕ ಹೇಳಲಿಲ್ಲ ಬೇ ಯವ್ವಾ?"

"ನೀ ಯಾವಾಗ ಕೇಳಿದಿ? ಸೀರಿ ಒದ್ದಿ ಆದೀತಂತ ನಾ ಮದುವಿಗೆ ಹೋಗೂದ ಬಿಟ್ಟೆ. ಅವ್ವ ಯಾಕ ಬರಲಿಲ್ಲ ಅಂತ ಬೀಗರು ಕೇಳಿದ್ರ, ಆಕಿಗೆ ಸೊಕ್ಕು ಅಂತ ಹೇಳಿದಾಕಿ ನೀನ."

ಹೇಳಿದ್ದೆ. ಒಂದು ಮದುವೆಯಲ್ಲಲ್ಲ, ಎಲ್ಲ ಮದುವೆಗಳಲ್ಲೂ ಅವ್ವನ ಪರವಾಗಿ ನಾನೇ ಹೇಳಿದ್ದೆ.