ಎರವಲು ನಾಯಿಯ ಮುಂದೆ ಅಧಿಕಾರಿಗಳು ನಡೆದುಕೊಳ್ಳಬೇಕಾದ ರೀತಿ

ಸುತ್ತೋಲೆ ಸಂಖ್ಯೆ: ಅಫೀಮು/ಸಹಕಾರ/ನಾಯಿ/೭

ವಿಷಯ: ಅಕ್ರಮ ಅಫೀಮು ಮತ್ತು ಹೆರಾಯಿನ್ ತಯಾರಿಕೆ ತಡೆಗಟ್ಟುವ ಅಂತರರಾಷ್ಟ್ರೀಯ ಸಹಕಾರದಡಿ ನೆರೆರಾಷ್ಟ್ರದಿಂದ ಎರವಲು ಪಡೆದ ನಾಯಿಯ ಕುರಿತು.

ಉಲ್ಲೇಖ: ೧. ಉಭಯ ರಾಷ್ಟ್ರಗಳ ಒಡಂಬಡಿಕೆ.
೨. ಶ್ವಾನದಳದ ಪೇದೆಯ ಹೆಂಡತಿಯ ಮೌಖಿಕ ದೂರು.

ಸದರಿ ನಾಯಿಗೆ ತನ್ನ ದೇಶದ ಭಾಷೆಯೊಂದನ್ನು ಬಿಟ್ಟು ಬೇರೆ ಬಾರದೆಂಬ ಅಂಶವು ಒಡಂಬಡಿಕೆಗೆ ಸಹಿ ಬಿದ್ದ ಮೇಲೆ ಇಲಾಖೆಯ ಗಮನಕ್ಕೆ ಬಂದಿರುತ್ತದೆ. ‘ಹುಡುಕು’ ಎಂದರೆ ಆಕಳಿಸುತ್ತಿತ್ತು. ‘ಬಾ’ ಎಂದರೆ ಹಿತ್ತಲಿಗೆ ಹೋಗಿ ಕಾಲೆತ್ತುತ್ತಿತ್ತು. ಆದ್ದರಿಂದ ಅದನ್ನು ನೋಡಿಕೊಳ್ಳುವ ಪೇದೆಯೇ ಆ ಭಾಷೆ ಕಲಿಯತಕ್ಕದ್ದೆಂದು ಆದೇಶಿಸಲಾಯಿತು. ಮನೆಯಲ್ಲಿ ಹತ್ತು ಮಾತಿಗೊಂದು ‘ಹ್ಞೂಂ’ ಅನ್ನುವ ಈ ಆಸಾಮಿ ತಿಂಗಳೊಪ್ಪತ್ತಿನಲ್ಲಿ ನಾಯಿಯ ಕಿವಿ ತುರಿಸುತ್ತ ಗಂಟೆಗಟ್ಟಲೆ ಹರಟತೊಡಗಿದನು. ಉಲ್ಲೇಖ ೨ರ ಸಾರ: “ನಾಯಿ ಹತ್ರ ಪರದೇಶದ ಭಾಷೇಲಿ ಮುದ್ದು ಮಾತು. ನನ್ನ ಹತ್ರ ನಮ್ಮ ಭಾಷೇಲೂ ಮಾತಿಲ್ಲ. ಸಾಹೇಬ್ರೇ, ಈ ಸಹಕಾರದಲ್ಲಿ ನನಗೂ ಒಂಚೂರು ಪಾಲಿದೆಯಾ?”

ಇಂತಿರುವಲ್ಲಿ ಜಂಟಿ ಸಮ್ಮೇಳನದ ದಿನ, ‘ಅಫೀಮು ಬಿಡಿ, ಬಾಳು ನೋಡಿ’ ಎಂಬ ಬ್ಯಾನರುಗಳನ್ನು ತುಂಬಿದ ಲಾರಿಗೆ ನಿರ್ದೇಶಕರು ಹಸಿರು ಬಾವುಟ ಎತ್ತಿದರು. ನಾಯಿ ಹೋಗಿ ಲಾರಿಯ ಮುಂದಿನ ಚಕ್ರದ ಎದುರು ಕೂತಿತು. ಮಾಲು ಮೂಗಿಗೆ ಬಡಿದರೆ ಕೂರುವುದು ಅದರ ಅಭ್ಯಾಸ.

“ಎಳೀರಿ ಅದನ್ನ! ಟಿವಿಯವರು ನೋಡ್ತಿದಾರೆ,” ಎಂದರು ನಿರ್ದೇಶಕರು.

ಪೇದೆಯು ನಾಯಿಯ ಹಗ್ಗ ಹಿಡಿದನು. ಎಳೆದರೆ ನಾಯಿ ಸುಳ್ಳಾಡಿತೆಂದಾಗುತ್ತದೆ, ಎಳೆಯದಿದ್ದರೆ ಅನ್ನಕ್ಕೆ ಕಲ್ಲು. ಅವನು ಬಗ್ಗಿ ನಾಯಿಯ ಭಾಷೆಯಲ್ಲೇ ಏನೋ ಕೇಳಿದನು. ನಾಯಿ ಕದಲಲಿಲ್ಲ.

“ಸಾರ್, ಇದು ಏಳಲ್ಲ ಅಂತಿದೆ.”

“ನೀನೇನಯ್ಯಾ ಅಂತೀಯ?”

“ನಾನೂ ಏಳಲ್ಲ ಸಾರ್,” ಎಂದು ಪೇದೆಯು ಇಸ್ತ್ರಿ ಮಾಡಿದ ಸಮವಸ್ತ್ರದ ಸಮೇತ ನಾಯಿಯ ಪಕ್ಕ ಧೂಳಿನಲ್ಲಿ ಕೂತುಬಿಟ್ಟನು.

ಅವನನ್ನು ಸ್ಥಳದಲ್ಲೇ ಅಮಾನತುಗೊಳಿಸಲಾಯಿತು. ಆದರೆ ಸಮ್ಮೇಳನಕ್ಕೆ ಬಂದಿದ್ದ ನೆರೆರಾಷ್ಟ್ರದ ಅಧಿಕಾರಿಣಿಯು ಯಾರ ಅನುಮತಿಗೂ ಕಾಯದೆ ಒಂದು ಬ್ಯಾನರಿನ ಬಿದಿರು ಗಳ ಸೀಳಿಸಿದರು. ಒಳಗೆ ಅಫೀಮು. ಅದೇ ಜಾಡು ಹಿಡಿದು ಹೋದರೆ, ಬ್ಯಾನರ್ ಅಚ್ಚು ಹಾಕುವ ಶೆಡ್ಡಿನ ಹಿಂಭಾಗದಲ್ಲಿ ಹೆರಾಯಿನ್ ಬೇಯಿಸುವ ಒಲೆಗಳು. ಶೆಡ್ಡಿನ ಮಾಲೀಕರಾದ ಬ್ಯಾನರ್ ಗುತ್ತಿಗೆದಾರರು ನಿರ್ದೇಶಕರ ಷಡ್ಡಕರಾಗಿರುವುದು ಕೌಟುಂಬಿಕ ವಿಚಾರವೆಂದು ಮೊದಲು ಭಾವಿಸಲಾಗಿತ್ತು.

ಅಮಾನತಾದ ರಾತ್ರಿ ಪೇದೆಯು ಹೆಂಡತಿಗೆ ಮೊದಲಿಂದ ಕೊನೆವರೆಗೆ ಎಲ್ಲ ಹೇಳಿದನು. “ನೀವು ಎದ್ದಿದ್ರೆ ಈ ಮನೇಲಿ ನಿಮಗೆ ಊಟ ಇರ್ತಿರಲಿಲ್ಲ,” ಎಂದ ಆಕೆ ಬೆಳಗ್ಗೆ ಬಂದು ದೂರನ್ನು ಹಿಂಪಡೆದಿರುತ್ತಾರೆ.

ಆದಕಾರಣ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ನಾಯಿಯು ಇನ್ನು ಮುಂದೆ ಬಾವುಟ ಇಳಿದ ಮೇಲೆ ಕೂರತಕ್ಕದ್ದು. ತಡೆಯಲಾಗದಿದ್ದಲ್ಲಿ ಬಾವುಟ ಎತ್ತತಕ್ಕದ್ದಲ್ಲ.

೨. ಉಪನಿರ್ದೇಶಕರ ದರ್ಜೆಗೆ ಮೇಲ್ಪಟ್ಟವರನ್ನು ಮೂಸಲು ಲಿಖಿತ ಅನುಮತಿ ಅಗತ್ಯ. ಕೆಳಗಿನವರನ್ನು ಎಲ್ಲಿ ಬೇಕಾದರೂ ಮೂಸಬಹುದು.

೩. ಅಧಿಕಾರಿಗಳು ತಮ್ಮ ಷಡ್ಡಕ, ಭಾವಮೈದುನ ಹಾಗೂ ಬೀಗರನ್ನು ನಾಯಿಗೆ ಮುಂಚಿತವಾಗಿ ಪರಿಚಯಿಸತಕ್ಕದ್ದು. ಪರಿಚಯವಾದ ಮೇಲೂ ನಾಯಿ ಕೂತರೆ ನಂಟಸ್ತನವನ್ನು ಮರುಪರಿಶೀಲಿಸತಕ್ಕದ್ದು.

೪. ಉಭಯ ರಾಷ್ಟ್ರಗಳ ಪ್ರತಿನಿಧಿಗಳ ಮುಂದೆ ನಾಯಿಯು ಬಾಲವನ್ನು ಸಮಪ್ರಮಾಣದಲ್ಲಿ ಅಲ್ಲಾಡಿಸತಕ್ಕದ್ದು. ಈ ವಿದ್ಯೆ ಕಲಿಸಲು ಇಲಾಖೆಯಲ್ಲಿ ಅನುಭವಿ ಅಧಿಕಾರಿಗಳ ಕೊರತೆ ಇರುವುದಿಲ್ಲ.

೫. ಬದಲಿ ಪೇದೆ ಹಾಕಿದ ಊಟವನ್ನು ನಾಯಿ ಮೂಸಿಯೂ ನೋಡದ ಕಾರಣ, ಅಮಾನತುಗೊಂಡ ಪೇದೆಯನ್ನು ‘ನಾಯಿಯೊಡನೆ ಬಂದ ಸಾಮಗ್ರಿ’ ಎಂದು ಪರಿಗಣಿಸಿ ಮರಳಿ ಪಡೆಯಲಾಗಿದೆ. ಗೂಡಿನ ಬಾಗಿಲು ತೆರೆದಾಗ ನಾಯಿ ಅವನನ್ನು ಕೆಡವಿ ಎದೆಯ ಮೇಲೆ ಹತ್ತಿತು. ಅವನು ಮಲಗಿದ್ದಲ್ಲೇ ಬಹಳ ಹೊತ್ತು ಅದರೊಡನೆ ಮಾತಾಡಿದನು. ಆಡಿದ್ದು ಯಾರಿಗೂ ಅರ್ಥವಾಗದ್ದರಿಂದ ನಡಾವಳಿಯಲ್ಲಿ ದಾಖಲಿಸಿರುವುದಿಲ್ಲ. ಕಣ್ಣೀರನ್ನು ಧೂಳೆಂದು ದಾಖಲಿಸಲಾಗಿದೆ.

(ಸಹಿ)
ಪ್ರಭಾರ ನಿರ್ದೇಶಕರು

ಪ್ರತಿಗಳು:
೧. ನೆರೆರಾಷ್ಟ್ರದ ಅಧಿಕಾರಿಣಿಯವರಿಗೆ, ಮುಂದೆ ಗಳ ಸೀಳುವ ಮುನ್ನ ತಿಳಿಸಲು ಕೋರಿ.
೨. ಬ್ಯಾನರ್ ಗುತ್ತಿಗೆದಾರರಿಗೆ, ಕಾರಾಗೃಹದ ಅಧೀಕ್ಷಕರ ಮುಖಾಂತರ.
೩. ಹಿಂದಿನ ನಿರ್ದೇಶಕರಿಗೆ, ಅದೇ ವಿಳಾಸಕ್ಕೆ.