ಇಳಿಜಾರಿನ ಕೋಳಿಗೂಡು

ನಮ್ಮ ಸೋದರಮಾವ ರಾಣೆಬೆನ್ನೂರಿನ ತಮ್ಮ ಹಿತ್ತಲಲ್ಲಿ ಕಟ್ಟಿದ ಕೋಳಿಗೂಡಿನ ಮೇಲೆ ತುಂಬಿದ ಲಾರಿ ಹಾಯಿಸಿದರೂ ಅದು ಅಲ್ಲಾಡುವುದಿಲ್ಲ. ಲಾರಿ ಹತ್ತುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಕೋಳಿಗಳೇ ಹತ್ತಲು ಒಪ್ಪಿರಲಿಲ್ಲ!

ಮಾವ ನೌಕರಿಯುದ್ದಕ್ಕೂ ರಸ್ತೆಯಡಿ ನೀರು ಹರಿಯುವ ಮೋರಿಗಳನ್ನು ಕಟ್ಟಿಸಿದವರು. ನಿವೃತ್ತರಾದ ಮೇಲೆ ಕಟ್ಟಿಸಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಅತ್ತೆಯ ಮೊಣಕಾಲು ಹಿಡಿದುಕೊಂಡವು. ಸಂಜೆ ಬಗ್ಗಿ ಕೋಳಿಗಳ ಮೇಲೆ ಬುಟ್ಟಿ ಬೋರಲು ಹಾಕುವುದು, ಬೆಳಿಗ್ಗೆ ಬಗ್ಗಿ ತೆಗೆಯುವುದು, ಮೂಲೆಮೂಲೆ ತಡಕಿ ಮೊಟ್ಟೆ ಹೆಕ್ಕುವುದು, ಯಾವುದೂ ಆಗದಾಯಿತು. ಕೋಳಿಗಳನ್ನು ಗುತ್ತಲದ ತಂಗಿಗೆ ಕೊಟ್ಟುಬಿಡುವುದೆಂದು ಅತ್ತೆ ತಾವೇ ತೀರ್ಮಾನಿಸಿದರು. ತೀರ್ಮಾನಿಸಿದ ಮೇಲೆ ಅವರಿಗೆ ಊಟ ಸೇರಲಿಲ್ಲ.

"ಕೋಳಿ ಎಲ್ಲಿಗೂ ಹೋಗಂಗಿಲ್ಲ," ಎಂದರು ಮಾವ. "ನೀ ಬಗ್ಗೂದು ಬ್ಯಾಡ. ಗೂಡನ್ನ ನಿನ್ನ ಎತ್ತರಕ್ಕ ಏರಸ್ತೇನಿ."

ಹಿಂದಿನ ಓಣಿಯಲ್ಲೇ ಇದ್ದ ನನಗೆ ಮರುದಿನವೇ ಕರೆ ಬಂತು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಾವನ ಕೈಯಲ್ಲಿ, ನಡುವೆ ಹುಂಜ. ಹುಂಜಕ್ಕೆ ಅಳತೆ ಕೊಟ್ಟು ಅಭ್ಯಾಸವಿರಲಿಲ್ಲ. ನನ್ನ ಮುಂಗೈ ಮೇಲೆ ಅದರ ಅಭಿಪ್ರಾಯ ಬಹಳ ದಿನ ಉಳಿಯಿತು.

ಆಮೇಲೆ ಪಾಯ ತೋಡಿದರು.

"ಮಾಮಾ, ಕೋಳಿಗೂಡಿಗೆ ಪಾಯಾ ಯಾಕ್ರಿ?"

"ನಾಳೆ ಪ್ರವಾಹ ಬಂದ್ರ ಏನ್ ಮಾಡ್ತಿ?"

ಆ ಓಣಿಗೆ ನಳದ ನೀರೇ ವಾರಕ್ಕೊಮ್ಮೆ ಬರುತ್ತಿತ್ತು. ಆದರೂ ನಾಲ್ಕು ಕಾಂಕ್ರೀಟ್ ಕಂಬ ಎದ್ದವು, ಮೇಲೊಂದು ಸ್ಲ್ಯಾಬು, ಅದರ ಮೇಲೆ ಜಾಲರಿ ಬಾಗಿಲಿನ ಗೂಡು. ಮನೆಗೆ ಕೇಬಲ್ ಬಂದಾಗ ಇಳಿಸಿಟ್ಟಿದ್ದ ಟಿವಿ ಆಂಟೆನಾ ಕೋಳಿಗಳು ಕೂರುವ ಕಂಬಿಯಾಯಿತು. ಗಾಳಿ ತಡೆಯಲು ಮಾವ ಬ್ಯಾಡಗಿಯಿಂದ ಮೆಣಸಿನಕಾಯಿಯ ಖಾಲಿ ಚೀಲ ತಂದು ಪರದೆ ಕಟ್ಟಿದರು. ಕೋಳಿಗಳಿಗೆ ಏನೂ ಆಗಲಿಲ್ಲ. ನೋಡಲು ಬಂದವರೆಲ್ಲ ಸೀನುತ್ತ ಹೋದರು.

"ಇನ್ನ ಕಾಡಬೆಕ್ಕು ಹತ್ರ ಸುಳಿಯಂಗಿಲ್ಲ," ಎಂದ ಮಾವ ತಾವೂ ಸೀನಿದರು.

ಸಂಜೆಯಾಯಿತು. ಕೋಳಿಗಳು ಗೂಡಿಗೆ ಹತ್ತಲೆಂದು ಮಾವ ಒರಗಿಸಿದ್ದ ಏರುಹಲಗೆಯನ್ನು ಒಮ್ಮೆ ನೋಡಿ, ನೇರವಾಗಿ ಸ್ಲ್ಯಾಬಿನ ಕೆಳಗೆ ಹೋಗಿ ಮಲಗಿದವು. ಮೋರಿಯ ಕೆಳಗೇ ಎಲ್ಲ ಜೀವಗಳೂ ಮಲಗುವುದು ಎಂಬುದು ಮಾವನಿಗೆ ತಿಳಿಯದ ವಿಷಯವೇ? ಮಾವ ಹಲಗೆಯುದ್ದಕ್ಕೂ ಜೋಳದ ನುಚ್ಚು ಚೆಲ್ಲಿ "ಬಾ ಬಾ" ಎಂದರು. ಓಣಿಯ ನಾಯಿ ಬಂತು. ಕೊನೆಗೆ ಅತ್ತೆ ನಿಂತಲ್ಲಿಂದಲೇ ಕರೆದರು. ಕೋಳಿಗಳು ಸಾಲಾಗಿ ಹತ್ತಿದವು. ವಿನ್ಯಾಸ ಗೆದ್ದಿತೆಂದು ಮಾವ ಘೋಷಿಸಿದರು.

ಮೊಟ್ಟೆ ಇಡುವವರೆಗೆ ಅದು ಗೆದ್ದೇ ಇತ್ತು.

ತೊಳೆದ ನೀರು ಹರಿದುಹೋಗಲೆಂದು ಮಾವ ಗೂಡಿನ ನೆಲಕ್ಕೆ ಇಳಿಜಾರು ಕೊಟ್ಟು, ತುದಿಯಲ್ಲಿ ಗೋಡೆಗೆ ತೂತು ಬಿಟ್ಟಿದ್ದರು. ಇಳಿಜಾರಿಲ್ಲದೆ ಅವರು ಜೀವಮಾನದಲ್ಲಿ ಏನನ್ನೂ ಕಟ್ಟಿರಲಿಲ್ಲ. ಮೊದಲ ಮೊಟ್ಟೆ ಮೆಲ್ಲಗೆ ಉರುಳಿ, ತೂತಿನಿಂದ ಹೊರಬಂದು, ಕೆಳಗೆ ಬಿದ್ದು ಒಡೆಯಿತು. ಮರುದಿನದವೂ ಅದೇ ದಾರಿ ಹಿಡಿದವು.

"ಗೂಡು ಕಟ್ತೇನಂತ ಮೋರಿ ಕಟ್ಟೀರಲ್ರಿ!" ಎಂದ ಅತ್ತೆಯ ಕಣ್ಣು ತುಂಬಿತ್ತು. "ಸಾಕಿನ್ನ. ಗುತ್ತಲಕ್ಕ ಫೋನ್ ಮಾಡ್ರಿ, ತಂಗಿ ಬಂದು ಒಯ್ಯಲಿ."

ಮಾವ ಫೋನ್ ಮಾಡಲಿಲ್ಲ. ಮರುದಿನ ನಾನು ಹೋದಾಗ ತೂತಿನ ಕೆಳಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸಿಮೆಂಟು ಕಲಸುತ್ತಿದ್ದರು.

"ಮತ್ತೇನ್ ಮಾಡಾಕತ್ತೀರಿ?" ಎನ್ನುತ್ತ ಅತ್ತೆ ಬಂದರು.

"ಮೊಟ್ಟಿ ಬೀಳೂವಲ್ಲೆ ಒಂದು ತೊಟ್ಟಿ."

"ಸಿಮೆಂಟ್ ತೊಟ್ಟಿಗೆ ಬಿದ್ರ ಮೊಟ್ಟಿ ಒಡಿಯಂಗಿಲ್ಲೇನ್ರಿ?"

ಅಷ್ಟರಲ್ಲಿ ಒಳಗೆ ಕೋಳಿ ಕೂಗಿತು. ಅತ್ತೆ ಗಡಿಬಿಡಿಯಲ್ಲಿ ತೂತಿಗೆ ಸೆರಗೊಡ್ಡಿದರು. ಮೊಟ್ಟೆ ಉರುಳಿ ಸೆರಗಿಗೆ ಬಂತು. ತೂತು ಸರಿಯಾಗಿ ಅವರ ಸೊಂಟದ ಎತ್ತರಕ್ಕಿತ್ತು. ಅವರು ಎಳ್ಳಷ್ಟೂ ಬಗ್ಗಿರಲಿಲ್ಲ.

"ಇನ್ನೂ ಬೆಚ್ಚಗೈತ್ರಿ," ಎಂದರು ಸಣ್ಣ ಹುಡುಗಿಯ ಹಾಗೆ.

ಅದನ್ನು ನೋಡಲು ಮಾವ ಏಳಹೋದರು. ಏಳಲಾಗಲಿಲ್ಲ. ಕಂಬ ಹಿಡಿದರು, ಹಲ್ಲು ಕಚ್ಚಿದರು, ಮತ್ತೆ ಕುಸಿದರು. ನಾನು ಓಡುವ ಮೊದಲೇ ಅತ್ತೆ ಒಂದು ಕೈಯಲ್ಲಿ ಸೆರಗಿನ ಮೊಟ್ಟೆ ಹಿಡಿದು, ಇನ್ನೊಂದು ಕೈ ಕೊಟ್ಟು ಎಬ್ಬಿಸಿದರು.

"ನಿಮ್ಮ ಮೊಣಕಾಲೂ ಹಿಡದಾವಲ್ರಿ. ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ," ಎಂದರು ಮಾವ, "ನೀ ಅವತ್ತ ಕೋಳಿ ಕಳಿಸಿಬಿಡ್ತಿದ್ದಿ."